ಬೊರಿವಲಿ ಕಾಡಿನಲ್ಲಿ ಮೊದಲ ನಡಿಗೆ: ಮುಂಬೈಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮುಂಬೈಗೆ ಬಂದ ಮೊದಲ ವರ್ಷದಲ್ಲಿ ನಮ್ಮವರು ಗೇಟ್‌ವೇ, ಜುಹು, ಮಹಾಲಕ್ಷ್ಮಿ, ಸಿದ್ಧಿವಿನಾಯಕ ಇಷ್ಟನ್ನು ನೋಡಿ ಮುಗಿಸುತ್ತಾರೆ. ನಂಟರು ಊರಿನಿಂದ ಬಂದಾಗ ಅದೇ ಸುತ್ತನ್ನು ಮತ್ತೊಮ್ಮೆ ಹಾಕುತ್ತಾರೆ. ನಗರದ ಹೊಟ್ಟೆಯಲ್ಲೇ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಕಾಡು ಇದೆ ಎಂಬುದು ಗೊತ್ತಿದ್ದರೂ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಹೆಸರಿನಲ್ಲಿರುವ ‘ಉದ್ಯಾನ’ವೆಂಬ ಮಾತನ್ನು ನಂಬಿ ಲಾಲ್‌ಬಾಗಿನಂತೆ ಕಾಣುವವರೇ ಹೆಚ್ಚು. ಅದು ಚಿರತೆಗಳಿರುವ ಕಾಡು. ಅಲ್ಲಿಗೆ ಹೋಗುವ ಸಿದ್ಧತೆಯೆಂದರೆ ಏನನ್ನು ಒಯ್ಯಬಾರದು ಮತ್ತು ಎಷ್ಟು ಹೊತ್ತಿಗೆ ತಿರುಗಿ ಬರಬೇಕು ಎಂಬ ಎರಡನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದು.

ಸೋಮವಾರ ಉದ್ಯಾನಕ್ಕೆ ರಜೆ. ಭಾನುವಾರ ಹೊರಡುವವರು ರೈಲಿನ ಬ್ಲಾಕ್, ಅಂದರೆ ಹಳಿಯ ಕೆಲಸಕ್ಕಾಗಿ ಲೋಕಲ್ ರೈಲುಗಳನ್ನು ಕೆಲವು ಗಂಟೆ ನಿಲ್ಲಿಸುವ ಏರ್ಪಾಡು, ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. ಬೊರಿವಲಿಯಲ್ಲಿ ಪೂರ್ವಕ್ಕೆ ಇಳಿದು ಹೆದ್ದಾರಿಯ ಕಡೆ ನಡೆದರೆ ಮುಖ್ಯ ದ್ವಾರ ಸಿಗುತ್ತದೆ. ಅಲ್ಲಿ ಒಂದು ಟಿಕೆಟು, ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ ಪುರಾತತ್ತ್ವ ಇಲಾಖೆಯದು ಇನ್ನೊಂದು.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಕ್ಕಳಿರುವ ಸಂಸಾರಕ್ಕೆ, ದ್ವಾರದಿಂದ ಕಾನ್ಹೇರಿಯವರೆಗಿನ ಸುಮಾರು ಆರು ಕಿಲೋಮೀಟರ್ ಡಾಂಬರು ರಸ್ತೆಯೇ ಸಾಕು. ಬೆಳಗಿನ ತಂಪಿನಲ್ಲಿ ನಡೆದುಕೊಂಡು ಹೋಗಿ, ಬಿಸಿಲೇರಿದ ಮೇಲೆ ಉದ್ಯಾನದ ಬಸ್ಸಿನಲ್ಲಿ ಹಿಂದಿರುಗುವುದು ಜಾಣತನ. ಹೋಗುವಾಗ ಬಸ್ಸು, ಬರುವಾಗ ನಡಿಗೆ ಎಂದು ಯೋಜಿಸಿದವರು ಮಧ್ಯಾಹ್ನದ ಸೆಕೆಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ಇಳಿಯುವುದನ್ನು ಯಾವ ಭಾನುವಾರ ಬೇಕಾದರೂ ನೋಡಬಹುದು. ಶಿಲೋಂಡಾದಂತಹ ಒಳಗಾಡಿನ ಹಾದಿಗಳಿಗೆ ಅನುಮತಿ ಪಡೆದು ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು. ಅವು ಎರಡನೆಯ ಸಲಕ್ಕೆ ಇರಲಿ.

ಇನ್ನು ಬುತ್ತಿಯ ವಿಷಯ. ನಾಲ್ಕು ಮನೆಯವರು ಸೇರಿದರೆ ಚಿತ್ರಾನ್ನ, ಮೊಸರನ್ನ, ಚಕ್ಕುಲಿ, ಕೋಡುಬಳೆ, ಕಾಗದದ ತಟ್ಟೆ, ಹಾಸಲು ಜಮಖಾನೆ ಎಲ್ಲವೂ ಹೊರಡುತ್ತವೆ. ನಡಿಗೆ ಮಾತ್ರ ಹಿಂದೆ ಉಳಿಯುತ್ತದೆ. ಕಾನ್ಹೇರಿಯ ಮಂಗಗಳಿಗೆ ನಮ್ಮ ಚೀಲದ ಸದ್ದು ನಮಗಿಂತ ಚೆನ್ನಾಗಿ ಗೊತ್ತು. ಇದು ಬರಿಯ ಮಂಗನ ಕಾಟದ ಮಾತಲ್ಲ. ಉಳಿದದ್ದನ್ನು ಬಿಸಾಡಿದಲ್ಲಿ ನಾಯಿಗಳು ಸೇರುತ್ತವೆ, ನಾಯಿಗಳಿದ್ದಲ್ಲಿ ಚಿರತೆ ಬರುತ್ತದೆ; ಈ ಕಾಡಿನ ಅಂಚಿನ ಚಿರತೆಗಳ ಆಹಾರದಲ್ಲಿ ಬೀದಿನಾಯಿಗಳ ಪಾಲು ದೊಡ್ಡದೆಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಹೀಗಿರುವಾಗ ‘ಪಾಪ, ತಿನ್ನಲಿ’ ಎಂದು ಒಂದು ಚಪಾತಿ ಎಸೆಯುವ ನಮ್ಮ ದಯೆಯ ಬೆಲೆಯನ್ನು ತೆರುವವರು ಕಾಡಿನ ಒಳಗೂ ಅಂಚಿನಲ್ಲೂ ಬದುಕುವ ಬಡವರ ಮಕ್ಕಳು. ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ಒಂದಿಷ್ಟು ಅವಲಕ್ಕಿ ಸಾಕು. ಊಟಕ್ಕೆ ಬೊರಿವಲಿಯಲ್ಲಿ ನಮ್ಮವರ ಹೋಟೆಲುಗಳಿಗೆ ಬರವಿಲ್ಲ.

ಚಿರತೆಯ ಹೆಸರೆತ್ತಿದ ಕೂಡಲೇ ಬೇಡವೆನ್ನುವ ಅಜ್ಜಿಯಂದಿರಿಗೆ ಹೇಳಬೇಕಾದದ್ದು ಇಷ್ಟು. 2004ರಲ್ಲಿ ದಾಳಿಗಳು ಹೆಚ್ಚಿದ್ದವು. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಈ ಕಾಡಿನಲ್ಲಿ ಬಿಟ್ಟದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ವಿದ್ಯಾ ಅತ್ರೇಯಾರಂತಹ ವಿಜ್ಞಾನಿಗಳು ಗುರುತಿಸಿದರು. ಹಗಲಿನಲ್ಲಿ, ಜನ ಓಡಾಡುವ ದಾರಿಯಲ್ಲಿ, ಮಕ್ಕಳನ್ನು ನಡುವೆ ಇಟ್ಟುಕೊಂಡು ಗುಂಪಾಗಿ ನಡೆಯುವವರಿಗೆ ಚಿರತೆ ಕಾಣಿಸುವುದೇ ಅಪರೂಪ. ಕಂಡರೆ ಓಡಬಾರದು, ಕುಕ್ಕರಿಸಬಾರದು. ಮಗುವನ್ನು ಎತ್ತಿಕೊಂಡು ನಿಂತ ಎತ್ತರದಲ್ಲೇ ಮೆಲ್ಲಗೆ ಹಿಂದೆ ಸರಿಯಬೇಕು. ಉದ್ಯಾನದೊಳಗಿನ ಪಾಡಾಗಳಲ್ಲಿ, ಅಂದರೆ ಸಣ್ಣ ಹಾಡಿಗಳಲ್ಲಿ, ವಾಸಿಸುವ ವಾರ್ಲಿ ಆದಿವಾಸಿ ಜನ ಹುಲಿ-ಚಿರತೆಗಳ ದೇವರಾದ ವಾಘೋಬಾನನ್ನು ಪೂಜಿಸಿಕೊಂಡೇ ಈ ಪ್ರಾಣಿಯ ನೆರೆಯಲ್ಲಿ ಬಾಳಿದ್ದಾರೆ. ಹುಲಿದೈವ ಪಿಲಿಚಾಮುಂಡಿಗೆ ಕೈಮುಗಿದು ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾರ್ಲಿಗಳ ಅಂಗಳದಲ್ಲಿ ನಿಂತು ಕೇಳದೆ ಫೋಟೋ ತೆಗೆಯುವುದು ಬೇಡ ಎಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಹೇಳಲೇಬೇಕಾಗಿದೆ.

ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಮೂರನೆಯ ಗುಹೆಯ ದೊಡ್ಡ ಚೈತ್ಯವನ್ನೂ (ಬೌದ್ಧರ ಪ್ರಾರ್ಥನಾಮಂದಿರ) ಅದರ ಮುಂದಿನ ಎತ್ತರದ ಬುದ್ಧಮೂರ್ತಿಗಳನ್ನೂ ನೋಡಿ, ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ, ಗುಹೆಗಳ ಪಕ್ಕದ ನೀರಿನ ತೊಟ್ಟಿಗಳನ್ನು ಮಕ್ಕಳಿಗೆ ತೋರಿಸಬೇಕು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಸಣ್ಣ ಕಾಲುವೆಗಳಲ್ಲಿ ತಂದು ತುಂಬಿಸಿಕೊಂಡ ಆ ಏರ್ಪಾಡು, ಟ್ಯಾಂಕರಿಗಾಗಿ ಕಾಯುವ ಸೊಸೈಟಿಗಳ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಇಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದ ಕಾಲವದು. ಇದನ್ನು ಹಿಡಿದುಕೊಂಡು ಮುಂಬೈ ನಮ್ಮದೆಂದು ಭಾಷಣ ಮಾಡುವ ಉತ್ಸಾಹಿಗಳು ನಮ್ಮ ಸಂಘಗಳಲ್ಲಿ ಇಲ್ಲದಿಲ್ಲ. ಆದರೆ ಶಾಸನದ ಭಾಷೆ ಸಂಸ್ಕೃತ. ಒಂದರಲ್ಲಿ ದಾನ ಕೊಟ್ಟವನು ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಉಪಾಸಕ. ಹೊರಗಿನಿಂದ ಬಂದವನೊಬ್ಬ ತನ್ನದಲ್ಲದ ನೆಲದಲ್ಲಿ ಭಿಕ್ಷುಗಳ ವಸತಿ, ವಸ್ತ್ರಗಳಿಗೆಂದು ಹಣವಿಟ್ಟು ಹೋದದ್ದು, ಇಲ್ಲಿ ನೆಲೆಸಲು ಬಂದ ನಮಗೆ ರಾಜನ ಹೆಸರಿಗಿಂತ ಹತ್ತಿರದ ಸಂಗತಿಯೆಂದು ನನಗೆ ತೋರುತ್ತದೆ.

ಕಾಲಮಾನದ ಆಯ್ಕೆಯೂ ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯಲು ಹಿತ. ಫೆಬ್ರವರಿ ಮುಗಿಯುವ ಹೊತ್ತಿಗೆ ಬೂರುಗವೂ ಮುತ್ತುಗವೂ ಎಲೆಯುದುರಿಸಿ ಕೆಂಪಾಗುತ್ತವೆ. ಮುತ್ತುಗದ ಎಲೆಯಲ್ಲಿ ಉಂಡು ಬೆಳೆದ ತಂದೆತಾಯಿಗಳು ಆ ಮರದ ಮುಂದೆ ನಿಂತಾಗ, ಅದರ ಮರಾಠಿ ಹೆಸರನ್ನು ಮಗುವೇ ಮೊದಲು ಹೇಳಿಬಿಡುತ್ತದೆ. ನಮ್ಮ ಹೆಸರನ್ನೂ ಆಗಲೇ ಹೇಳಿಕೊಡಬೇಕು, ಮನೆಗೆ ಹೋದ ಮೇಲೆ ಎಂದರೆ ಅದು ಆಗುವ ಮಾತಲ್ಲ. ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿ ಪೊದೆ 2024ರಲ್ಲಿ ಅರಳಿತ್ತು. ಇನ್ನು 2032ರವರೆಗೆ ಕಾಯಬೇಕು.

ಮಳೆಗಾಲದಲ್ಲಿ ಕಾಡು ಚೆಲುವಾಗಿರುವುದು ನಿಜ. ಆದರೆ ಮಲೆನಾಡಿನ ಮಳೆ ಕಂಡವರು ನಾವು ಎಂಬ ಹೆಮ್ಮೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಊರಿದು. ಮೇಲೆ ಮಳೆಯಾದರೆ ಕೆಳಗಿನ ತೊರೆ ನೋಡನೋಡುತ್ತಿರುವಂತೆ ಉಬ್ಬುತ್ತದೆ, ಗುಹೆಗಳ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಹಿಡಿತವಿರುವ ಬೂಟು ಬೇಕು, ಚಪ್ಪಲಿ ನಡೆಯದು, ಮಕ್ಕಳನ್ನು ನೀರಿಗಿಳಿಸಲೇಬಾರದು. ಕಾನ್ಹೇರಿಯಿಂದ ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಗುಹೆಗಳ ಕಡೆಗೆ ಹತ್ತುವ ಮೊದಲೇ ಕೇಳಿಕೊಂಡು, ಅದಕ್ಕೆ ಒಂದು ಗಂಟೆ ಮುಂಚೆ ಇಳಿಯತೊಡಗುವ ಜವಾಬ್ದಾರಿಯನ್ನು ಗುಂಪಿನಲ್ಲಿ ಯಾರ ಮಾತನ್ನು ಎಲ್ಲರೂ ಕೇಳುತ್ತಾರೋ ಅವರಿಗೇ ವಹಿಸಬೇಕು.