ಅಂಟಾರ್ಕ್ಟಿಕಾಕ್ಕೊಂದು ಡಿಜಿಟಲ್ ಅಟ್ಲಾಸ್: ನಕ್ಷೆ, ಚಿತ್ರ, ಸದ್ದು ಜೋಡಿಸುವ ಬಗೆ

ಮೊದಲು ವ್ಯಾಪ್ತಿ ಗೊತ್ತುಮಾಡಿಕೊಳ್ಳಿ. ಇಡೀ ಖಂಡವನ್ನು ಒಂದೇ ಏಟಿಗೆ ಹಿಡಿಯಲು ಹೊರಟರೆ ಹಿನ್ನೆಲೆ ನಕ್ಷೆ ಮುಗಿಯುವಷ್ಟರಲ್ಲೇ ಸುಸ್ತಾಗುತ್ತದೆ. ಲಾರ್ಸ್‌ಮನ್ ಹಿಲ್ಸ್‌ನಂಥ ಒಂದು ತುಣುಕು ಸಾಕು. ಭಾರತದ ಭಾರತಿ, ಚೀನಾದ ಝೊಂಗ್‌ಶಾನ್, ರಷ್ಯಾದ ಪ್ರೊಗ್ರೆಸ್ ಕೇಂದ್ರಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಬೋಳು ಬಂಡೆ, ಕೆರೆ, ಹಿಮದ ಅಂಚು, ಸಮುದ್ರ ನಾಲ್ಕೂ ಸಿಗುತ್ತವೆ. ಖಂಡದ ನಕ್ಷೆ ಅದಕ್ಕೆ ಹೆಬ್ಬಾಗಿಲಾಗಿ ಇದ್ದರಾಯಿತು.

ಪ್ರಕ್ಷೇಪಣೆ

ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕವೇ ಪ್ರಕ್ಷೇಪಣೆ. ಜಾಲತಾಣಗಳಲ್ಲಿ ರೂಢಿಯಾಗಿರುವ ವೆಬ್ ಮರ್ಕೇಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು 85 ಡಿಗ್ರಿ ಅಕ್ಷಾಂಶದ ಹತ್ತಿರವೇ ನಿಂತುಬಿಡುತ್ತದೆ. ಧ್ರುವಕ್ಕೇ ಅದರಲ್ಲಿ ಜಾಗವಿಲ್ಲ. 70 ಡಿಗ್ರಿಯಲ್ಲಿ ದೂರಗಳು ಸುಮಾರು 2.9 ಪಟ್ಟು, 80 ಡಿಗ್ರಿಯಲ್ಲಿ 5.8 ಪಟ್ಟು ಹಿಗ್ಗಿ ಕಾಣುತ್ತವೆ. ಬಳಸಬೇಕಾದದ್ದು ಇಪಿಎಸ್‌ಜಿ 3031 ಎಂಬ ಸಂಕೇತಸಂಖ್ಯೆಯದು, ಅಂದರೆ 71 ಡಿಗ್ರಿ ದಕ್ಷಿಣದಲ್ಲಿ ಅಳತೆ ಸರಿಹೊಂದುವ ಧ್ರುವೀಯ ಸ್ಟೀರಿಯೋಗ್ರಾಫಿಕ್ ಪ್ರಕ್ಷೇಪಣೆ. ಸೊನ್ನೆ ರೇಖಾಂಶ ಇದರಲ್ಲಿ ನೇರ ಮೇಲಕ್ಕಿರುತ್ತದೆ.

ಜಾಲತಾಣದಲ್ಲಿ ನಕ್ಷೆ ತೋರಿಸುವ ಓಪನ್‌ಲೇಯರ್ಸ್ ತಂತ್ರಾಂಶಕ್ಕೆ ಈ ಸಂಕೇತ ತಾನಾಗಿ ಗೊತ್ತಿರುವುದಿಲ್ಲ. ಪ್ರಕ್ಷೇಪಣೆಯ ಲೆಕ್ಕ ಮಾಡುವ ಪ್ರೊಜ್4 ಎಂಬ ಕೋಡ್ ಸಂಗ್ರಹದ ಮೂಲಕ ನೋಂದಾಯಿಸಿ, ವಿಸ್ತಾರವನ್ನೂ ಕೈಯಾರೆ ಕೊಡಿ: ಎರಡೂ ಅಕ್ಷಗಳಲ್ಲಿ ಮೈನಸ್ 41,94,304 ಮೀಟರ್‌ನಿಂದ ಪ್ಲಸ್ 41,94,304 ಮೀಟರ್‌ವರೆಗೆ. ನಾಸಾದ ದಿನನಿತ್ಯದ ಉಪಗ್ರಹ ಚಿತ್ರ ಕೊಡುವ ಗಿಬ್ಸ್ ಸೇವೆ ಇದೇ ಚೌಕಟ್ಟನ್ನು ಬಳಸುತ್ತದೆ. 512 ಪಿಕ್ಸೆಲ್‌ನ ಟೈಲ್ (ನಕ್ಷೆಯನ್ನು ಕತ್ತರಿಸಿದ ಚೌಕ ತುಣುಕು), ಪಿಕ್ಸೆಲ್ಲಿಗೆ 8192 ಮೀಟರ್‌ನಿಂದ ಶುರುವಾಗಿ ಪ್ರತಿ ಹಂತಕ್ಕೂ ಅರ್ಧ. ನಿಮ್ಮ ಟೈಲ್‌ಗಳನ್ನೂ ಇದೇ ಜಾಲರಿಗೆ ಕೂರಿಸಿದರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ವಿಸ್ತಾರ ಕೊಡುವುದನ್ನು ಮರೆತರೆ ಟೈಲ್‌ಗಳು ಚದುರಿ ಬೀಳುತ್ತವೆ, ದೋಷದ ಸಂದೇಶವೂ ಬರುವುದಿಲ್ಲ.

ಟೈಲ್‌ಗಳ ಲೆಕ್ಕ ಮೊದಲೇ ಹಾಕಿ. ಖಂಡವನ್ನು ಪಿಕ್ಸೆಲ್ಲಿಗೆ 256 ಮೀಟರ್‌ವರೆಗೆ ಆರು ಹಂತ ಕತ್ತರಿಸಿದರೆ ಒಟ್ಟು 5,460 ಟೈಲ್. 8 ಮೀಟರ್‌ಗೆ ಇಳಿದರೆ ಆ ಒಂದು ಹಂತಕ್ಕೇ 41,94,304 ಟೈಲ್ ಬೇಕು. 100 ಕಿಲೋಮೀಟರ್ ಚೌಕದ ನಿಮ್ಮ ಪ್ರದೇಶಕ್ಕೆ ಮಾತ್ರ 8 ಮೀಟರ್‌ವರೆಗೆ ಹೋದರೆ ಆ ಹಂತಕ್ಕೆ ಆರುನೂರು ಚಿಲ್ಲರೆ ಸಾಕು.

ಮೂಲ ಪದರಗಳು

ಕರಾವಳಿ, ಬಂಡೆ, ಕೆರೆಗಳಿಗೆ ಅಂಟಾರ್ಕ್ಟಿಕ್ ಡಿಜಿಟಲ್ ಡೇಟಾಬೇಸ್, ಎತ್ತರಕ್ಕೆ ರೆಮಾ ಎಂಬ ಎತ್ತರದ ಮಾದರಿ, ಬಣ್ಣದ ಹಿನ್ನೆಲೆಗೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಜೋಡಿಸಿದ ಲಿಮಾ, ಹೆಸರುಗಳಿಗೆ ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿಯಾದ ಸ್ಕಾರ್ ಸಂಸ್ಥೆಯ ಸಂಯುಕ್ತ ಗೆಜೆಟಿಯರ್ (ಸ್ಥಳನಾಮಗಳ ಪಟ್ಟಿ). ನಾರ್ವೇಜಿಯನ್ ಪೋಲಾರ್ ಇನ್‌ಸ್ಟಿಟ್ಯೂಟ್ ಸಿದ್ಧಪಡಿಸಿದ ಕ್ವಾಂಟಾರ್ಕ್ಟಿಕಾ ಕಟ್ಟು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನೇರ ತೆರೆಯುತ್ತದೆ. ಕೈ ಪಳಗಿಸಿಕೊಳ್ಳಲು ಅಲ್ಲಿಂದ ಶುರುಮಾಡುವುದು ಒಳ್ಳೆಯದು.

ಕರಾವಳಿಯನ್ನು ಅಕ್ಷಾಂಶ-ರೇಖಾಂಶದ ಜಿಯೋಜೇಸನ್ ಕಡತಕ್ಕೆ ತಿರುಗಿಸಿ ಮತ್ತೆ 3031ಕ್ಕೆ ತರಬೇಡಿ. ಧ್ರುವವನ್ನು ಸುತ್ತುವ ಬಹುಭುಜವನ್ನು 180 ಡಿಗ್ರಿಯಲ್ಲಿ ಕತ್ತರಿಸಲೇಬೇಕಾಗುತ್ತದೆ. ಮರಳಿ ಬಂದಾಗ ಆ ಕತ್ತರಿ ಗುರುತು ಧ್ರುವದಿಂದ ರಾಸ್ ಸಮುದ್ರದವರೆಗೆ ಸೀಳಿನಂತೆ ಉಳಿಯುತ್ತದೆ. ಮೊದಲಿನಿಂದ ಕೊನೆಯವರೆಗೂ 3031ರಲ್ಲೇ ಇಡಿ.

ರೆಮಾದ ಎತ್ತರಗಳು ಎಲಿಪ್ಸಾಯ್ಡ್ (ಭೂಮಿಗೆ ಲೆಕ್ಕಕ್ಕೆಂದು ಇಟ್ಟುಕೊಂಡ ನಯವಾದ ಆಕಾರ) ಮೇಲಿನವು, ಸಮುದ್ರಮಟ್ಟದಿಂದ ಅಳೆದವಲ್ಲ. ರಾಸ್ ಸಮುದ್ರದ ಕಡೆ ಈ ಎರಡರ ಅಂತರ 50 ಮೀಟರ್ ದಾಟುತ್ತದೆ. ಸೊನ್ನೆಗಿಂತ ಕೆಳಗಿರುವುದಕ್ಕೆಲ್ಲ ನೀಲಿ ಬಳಿದರೆ ಅಲ್ಲಿನ ತಗ್ಗು ದಡಗಳು ಮುಳುಗಿಹೋಗುತ್ತವೆ. ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟದ ಮೇಲ್ಮೈ) ಎತ್ತರವನ್ನು ಕಳೆದೇ ಬಣ್ಣ ಹಚ್ಚಿ. ಮರುಪ್ರಕ್ಷೇಪಿಸುವಾಗ ಎತ್ತರಕ್ಕೆ ಬೈಲೀನಿಯರ್ (ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿ), ವರ್ಗೀಕರಿಸಿದ ಪದರಕ್ಕೆ ನಿಯರೆಸ್ಟ್ (ತೀರ ಹತ್ತಿರದ ಪಿಕ್ಸೆಲ್‌ನ ಬೆಲೆ) ವಿಧಾನ ಬಳಸಿ. ಜೆಪೆಗ್‌ಗೆ ಒತ್ತುವುದಾದರೆ ಖಾಲಿ ಪಿಕ್ಸೆಲ್‌ಗಳಿಗೆ ಪ್ರತ್ಯೇಕ ಮುಸುಕು ಕೊಡಿ, ಇಲ್ಲವಾದರೆ ಸೊನ್ನೆ ಸೊನ್ನೆಯಾಗಿ ಉಳಿಯದೆ ಅಂಚಿನುದ್ದಕ್ಕೂ ಕಪ್ಪು ಚುಕ್ಕೆ ಏಳುತ್ತವೆ.

ತಾರೀಖು

ಈ ಕೆಲಸದಲ್ಲಿ ಹೆಚ್ಚಿನವರು ಸಡಿಲ ಬಿಡುವುದು ಇದನ್ನೇ. ಹಿಮದ ಮೇಲಿನ ಬಿಂದು ನಿಂತಲ್ಲಿ ನಿಲ್ಲುವುದಿಲ್ಲ. ದಕ್ಷಿಣ ಧ್ರುವದ ಹಿಮ ವರ್ಷಕ್ಕೆ ಸುಮಾರು 10 ಮೀಟರ್ ಸರಿಯುತ್ತದೆ, ಅದಕ್ಕೇ ಅಲ್ಲಿನ ಗುರುತಿನ ಕಂಬವನ್ನು ಪ್ರತಿ ಹೊಸ ವರ್ಷಕ್ಕೆ ಕಿತ್ತು ನೆಡುತ್ತಾರೆ. ಸಮುದ್ರದ ಮೇಲೆ ತೇಲುವ ಹಿಮಹಾಸಾದ ರಾಸ್ ಐಸ್ ಶೆಲ್ಫ್‌ನ ಮುಂಚೂಣಿಯಲ್ಲಿ ಚಲನೆ ವರ್ಷಕ್ಕೆ ಕಿಲೋಮೀಟರ್ ಆಸುಪಾಸು. ಹಾಗಾಗಿ ದತ್ತಾಂಶ ಕೋಷ್ಟಕದಲ್ಲಿ ಪ್ರತಿ ಬಿಂದುವಿಗೂ ಎರಡು ಕಾಲಂ ಕಡ್ಡಾಯ: ಅಳೆದ ದಿನ, ಮತ್ತು ಕೆಳಗಿರುವುದು ಬಂಡೆಯೋ ಹಿಮವೋ. ಹಿಮವಾದರೆ ತೆರೆಯ ಮೇಲೆ ತಾರೀಖು ಸದಾ ಕಾಣಲಿ.

ಕರಾವಳಿಯದೂ ಇದೇ ಕತೆ. 2017ರ ಜುಲೈನಲ್ಲಿ ಲಾರ್ಸನ್ ಸಿ ಐಸ್ ಶೆಲ್ಫ್‌ನಿಂದ ಸುಮಾರು 5,800 ಚದರ ಕಿಲೋಮೀಟರ್‌ನ ಎ-68 ಹಿಮಬಂಡೆ ಕಳಚಿಕೊಂಡಿತು. ಲಿಮಾ ಚಿತ್ರಗಳು ಬಹುಪಾಲು 1999ರಿಂದ 2003ರ ನಡುವಿನವು. ಅವುಗಳ ಮೇಲೆ ಹೊಸ ಕರಾವಳಿ ಗೆರೆ ಹಾಕಿದರೆ ಗೆರೆಯಾಚೆ ಹಿಮ ಕಾಣುತ್ತದೆ, ಓದುಗರು ಗೆರೆಯೇ ತಪ್ಪೆಂದುಕೊಳ್ಳುತ್ತಾರೆ. ಎರಡೂ ಪದರಗಳ ವರ್ಷವನ್ನು ಮೂಲೆಯಲ್ಲಿ ನಮೂದಿಸಿ. ಕಾಲದ ಸ್ಲೈಡರ್ ಇಟ್ಟರೆ ಇನ್ನೂ ಮೇಲು. ಆದರೆ ಆ ಸ್ಲೈಡರ್ ಚಳಿಗಾಲದ ತಿಂಗಳಿಗೆ ಹೋದಾಗ ಸಾಮಾನ್ಯ ಚಿತ್ರ ಇರುವುದಿಲ್ಲ, ಬೆಳಕೇ ಇಲ್ಲ. ಅಲ್ಲಿ ಸೆಂಟಿನೆಲ್-1 ಉಪಗ್ರಹದ, ಬೆಳಕು ಬೇಡದ ರಾಡಾರ್ ಚಿತ್ರಕ್ಕೆ ತಾನಾಗಿ ಬದಲಾಗುವಂತೆ ಮಾಡಿ, ಖಾಲಿ ಕರಿ ಪರದೆ ತೋರಿಸಬೇಡಿ.

ಚಿತ್ರ, ಸದ್ದು

ಕ್ಯಾಮೆರಾದ ಗಡಿಯಾರವನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಹೊಂದಿಸಿ. ಒಂದೊಂದು ಕೇಂದ್ರಕ್ಕೆ ಒಂದೊಂದು ಸಮಯ ಇದೆ. ಅಮೆರಿಕದ ಮೆಕ್‌ಮರ್ಡೊ, ಧ್ರುವದ ಕೇಂದ್ರ ಎರಡೂ ನ್ಯೂಜಿಲೆಂಡ್ ಗಡಿಯಾರ ಅನುಸರಿಸುತ್ತವೆ. ಸ್ಥಳೀಯ ಸಮಯ ಬೆರೆತರೆ ಜಿಪಿಎಸ್ ಜಾಡಿನ ಜೊತೆ ಚಿತ್ರ ಜೋಡಿಸಿದಾಗ ಎಲ್ಲವೂ ಎಲ್ಲೆಲ್ಲೋ ಬೀಳುತ್ತವೆ.

ಚಿತ್ರ ಯಾವ ದಿಕ್ಕಿಗೆ ತೆಗೆದದ್ದೆಂದು ಬಾಣ ಹಾಕುವಾಗ ಜಾಗ್ರತೆ. 3031ರ ನಕ್ಷೆಯಲ್ಲಿ ಮೇಲೆ ಅಂದರೆ ಉತ್ತರವಲ್ಲ. ಧ್ರುವದಿಂದ ಹೊರಕ್ಕೆ ಹೋಗುವ ಎಲ್ಲ ದಿಕ್ಕೂ ಉತ್ತರವೇ. ಬಾಣದ ಕೋನ = ನಿಜ ಉತ್ತರದಿಂದ ಅಳೆದ ಕೋನ + ರೇಖಾಂಶ (ಪಶ್ಚಿಮ ರೇಖಾಂಶಕ್ಕೆ ಮೈನಸ್). ಭಾರತಿ 76 ಡಿಗ್ರಿ ಪೂರ್ವದಲ್ಲಿದೆ. ಅಲ್ಲಿಂದ ನೇರ ಉತ್ತರಕ್ಕೆ ತೆಗೆದ ಚಿತ್ರದ ಬಾಣ ನಕ್ಷೆಯಲ್ಲಿ 76 ಡಿಗ್ರಿ ಬಲಕ್ಕೆ ವಾಲಬೇಕು. ಗಾಳಿಯ ಬಾಣಗಳಿಗೂ ಇದೇ ಸೂತ್ರ. ಪ್ರಾದೇಶಿಕ ನೋಟ ತೆರೆದಾಗ ಇಡೀ ನಕ್ಷೆಯನ್ನು ಮೈನಸ್ 1.33 ರೇಡಿಯನ್ ತಿರುಗಿಸಿದರೆ ಅಲ್ಲಿ ಉತ್ತರ ಮೇಲಕ್ಕೆ ಬರುತ್ತದೆ. ಖಂಡದ ನೋಟದಲ್ಲಿ ಉತ್ತರದ ಬಾಣವನ್ನು ತೆಗೆದೇಬಿಡಿ.

ಸದ್ದಿನಲ್ಲಿ ಬೇರೆಯದೇ ತೊಡಕು. ಅಂಟಾರ್ಕ್ಟಿಕ್ ನೀಲಿ ತಿಮಿಂಗಿಲದ ಕೂಗು 26 ಹರ್ಟ್ಸ್ ಆಸುಪಾಸಿನದು. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಏನೂ ಕೇಳದು, ಕಡತ ಕೆಟ್ಟಿದೆ ಅನ್ನಿಸುತ್ತದೆ. ಹತ್ತು ಪಟ್ಟು ವೇಗದ ಪ್ರತಿಯನ್ನೂ ಇಡಿ, ಗುಂಡಿಯ ಮೇಲೇ "10 ಪಟ್ಟು ವೇಗ" ಎಂದು ಬರೆಯಿರಿ, ಕೆಳಗೆ ಸ್ಪೆಕ್ಟ್ರೋಗ್ರಾಂ (ಸದ್ದಿನ ಏರಿಳಿತ ತೋರಿಸುವ ಚಿತ್ರ) ಕೊಡಿ. ವೆಡೆಲ್ ಸೀಲ್‌ನ ಸಿಳ್ಳೆಗೆ ಈ ಉಪಚಾರ ಬೇಡ, ಅದು ಹಾಗೇ ಕೇಳುತ್ತದೆ. ಯಾವ ಸದ್ದೂ ತಾನಾಗಿ ಶುರುವಾಗಬಾರದು.

ಹೆಸರು, ಗಡಿ, ಗುಟ್ಟು

ಒಂದೇ ಜಾಗಕ್ಕೆ ಹಲವು ದೇಶಗಳು ಹಲವು ಹೆಸರಿಟ್ಟಿವೆ. ಒಂದನ್ನು ಮುಖ್ಯವಾಗಿಟ್ಟು ಉಳಿದವನ್ನು ಹುಡುಕಾಟಕ್ಕೆ ಸಿಗುವಂತೆ ಪರ್ಯಾಯ ಕಾಲಂನಲ್ಲಿ ಹಾಕಿ. ಕನ್ನಡ ಹೆಸರುಗಳನ್ನು ರೇಖೆಯ ಗುಂಟ ಬಾಗಿಸಬೇಡಿ. ಅಕ್ಷರ ಅಕ್ಷರವಾಗಿ ಬಿಡಿಸಿ ಕೂರಿಸುವಾಗ ಒತ್ತಕ್ಷರ ಕಳಚಬಹುದು.

ಏಳು ದೇಶಗಳ ಹಕ್ಕುಸಾಧನೆಯ ಗೆರೆಗಳನ್ನು ಗಡಿಯಂತೆ ಬಿಡಿಸುವುದು ತಪ್ಪು. 1959ರ ಅಂಟಾರ್ಕ್ಟಿಕ್ ಒಪ್ಪಂದದ 4ನೇ ವಿಧಿ ಆ ಹಕ್ಕುಗಳನ್ನು ಒಪ್ಪಿಯೂ ಇಲ್ಲ, ತಳ್ಳಿಹಾಕಿಯೂ ಇಲ್ಲ. ತೋರಿಸಲೇಬೇಕಿದ್ದರೆ ಚುಕ್ಕಿಗೆರೆ, ಮೊದಲಿಗೆ ಆಫ್ ಇರುವ ಪದರ. ವಿಶೇಷ ಸಂರಕ್ಷಿತ ಪ್ರದೇಶಗಳ ಗಡಿಯನ್ನು ಮಾತ್ರ ಯಾವಾಗಲೂ ಕಾಣಿಸಿ. ಲಾರ್ಸ್‌ಮನ್ ಹಿಲ್ಸ್‌ನಲ್ಲಿ ಸ್ಟೋರ್ನೆಸ್ ಅಂಥದ್ದು, ಪರವಾನಗಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಹಕ್ಕಿಗಳ ಗೂಡಿನ ಚಿತ್ರ ಹಾಕುವ ಮುನ್ನ ಕಡತದೊಳಗಿನ ಜಿಪಿಎಸ್ ಅಳಿಸಿ, ಬಿಂದುವನ್ನು ಕಿಲೋಮೀಟರ್ ಜಾಲರಿಗೆ ದುಂಡಾಗಿಸಿ. ನಕ್ಷೆಯಲ್ಲಿ ಮರೆಮಾಡಿ ಚಿತ್ರದಲ್ಲಿ ಬಿಟ್ಟರೆ ಮುಚ್ಚಿಟ್ಟಂತಾಗಲಿಲ್ಲ.

ಬಿಡುಗಡೆಗೆ ಮೊದಲು ಮೂರು ಕಡೆ ಪರೀಕ್ಷೆ ಮಾಡಿ: ಧ್ರುವದ ಮೇಲೆ, 180 ಡಿಗ್ರಿ ರೇಖೆಯ ಮೇಲೆ, ನಿಮ್ಮ ಪ್ರದೇಶದ ಆಳದ ಟೈಲ್ ಮುಗಿಯುವ ಅಂಚಿನಲ್ಲಿ. ಆ ಅಂಚಿನಾಚೆ ಬಿಳಿ ಚೌಕ ಕಂಡರೆ ಖಂಡದ ಟೈಲನ್ನೇ ಹಿಗ್ಗಿಸಿ ತೋರಿಸುವಂತೆ ಹೊಂದಿಸಿ.