ಹಂದಿಗಳು ಸಾಲಾಗಿ ಸಾಯುತ್ತಿದ್ದರೆ ರೋಗದ ಮೂಲ ಹುಡುಕುವುದು ಹೇಗೆ?

ಮೊದಲು ಹಂದಿ, ಆಹಾರ, ವಾಹನಗಳ ಓಡಾಟ ನಿಲ್ಲಿಸಿ. ಯಾವ ದೊಡ್ಡಿಯಲ್ಲಿ, ಎಷ್ಟು ವಯಸ್ಸಿನ ಹಂದಿಗೆ, ಯಾವತ್ತು ಜ್ವರ ಬಂತೆಂದು ತಾರೀಖುವಾರು ಬರೆದಿಡಿ. ಹಂದಿಗಳನ್ನು ಹೀಗೆ ಸಾಲಾಗಿ ಕೊಲ್ಲುವ ವೈರಸ್ ರೋಗವಾದ ಆಫ್ರಿಕನ್ ಹಂದಿ ಜ್ವರ ಸೋಂಕು ತಗುಲಿದ 4ರಿಂದ 19 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಪ್ರಕರಣದಿಂದ ಮೂರು ವಾರ ಹಿಂದಕ್ಕೆ ಹೋಗಿ: ಹೊಸದಾಗಿ ತಂದ ಹಂದಿ, ಹೋಟೆಲ್ ಮುಸುರೆ, ಸಾಗಣೆ ಲಾರಿ, ಕಾಡುಹಂದಿ. ಮುಸುರೆ ಬೇಯಿಸಿದ್ದರೇ ಎಂಬುದಕ್ಕೆ ನಿಜವಾದ ಉತ್ತರ ಸುಲಭಕ್ಕೆ ಸಿಗದು, ಗದರಿಸದೆ ಕೇಳಿ.

ಲಕ್ಷಣ ನೋಡಿ ರೋಗಕ್ಕೆ ಹೆಸರಿಡಬೇಡಿ. ಬೇರೆ ವೈರಸ್‌ನಿಂದ ಬರುವ ಕ್ಲಾಸಿಕಲ್ ಹಂದಿ ಜ್ವರವೂ ಕಣ್ಣಿಗೆ ಹಾಗೆಯೇ ಕಾಣುತ್ತದೆ. ವೈರಸ್ಸಿನ ವಂಶವಾಹಿ ಪತ್ತೆಹಚ್ಚುವ ಪಿಸಿಆರ್ ಲ್ಯಾಬ್ ಪರೀಕ್ಷೆ ಬೇಕೇ ಬೇಕು. ಜ್ವರವಿರುವ ಜೀವಂತ ಹಂದಿಯ ರಕ್ತವನ್ನು ಪಶುವೈದ್ಯರು ಇಡಿಟಿಎ (ರಕ್ತ ಗಟ್ಟಿಯಾಗದಂತೆ ತಡೆಯುವ ರಾಸಾಯನಿಕ) ಇರುವ ನಳಿಕೆಯಲ್ಲಿ ತೆಗೆಯಲಿ; ಅದೇ ಕೆಲಸ ಮಾಡುವ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಳಿಸಿ, ಫ್ರೀಜರ್‌ನಲ್ಲಿ ಇಡಬೇಡಿ. ಸತ್ತ ಹಂದಿಯನ್ನು ಬಯಲಲ್ಲಿ ಕೊಯ್ಯಬಾರದು: ಚೆಲ್ಲಿದ ರಕ್ತದಿಂದಲೇ ವೈರಸ್ ಹರಡುತ್ತದೆ.