ಸಿಲೋನಿನ ಚುನಾಯಿತ ಸಭೆಯ ಚರಿತ್ರೆ: ಸೆಮಿನಾರ್ ಪ್ರಬಂಧ ಬರೆಯುವ ಕ್ರಮ

ಕಲಬುರಗಿಯ ಇತಿಹಾಸ ವಿದ್ಯಾರ್ಥಿಗಳು ವಸಾಹತು ಕಾಲದ ಶಾಸನಸಭೆಗಳ ಬಗ್ಗೆ ಬರೆಯುವುದಾದರೆ ಸಿಲೋನನ್ನು, ಅಂದರೆ ಇಂದಿನ ಶ್ರೀಲಂಕೆಯನ್ನು, ಆರಿಸಿಕೊಳ್ಳಬಹುದು. ಆದರೆ ಹೆಚ್ಚಿನವರು ಸುಧಾರಣೆಗಳ ಇಸವಿಗಳನ್ನು ಸಾಲಾಗಿ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ಇಸವಿಗಿಂತ ಮೊದಲು ಕೇಳಬೇಕಾದದ್ದು, ಆಗ ಓಟು ಯಾರಿಗಿತ್ತು ಎಂಬುದನ್ನು.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇಸವಿ, ಒಟ್ಟು ಸದಸ್ಯರು, ಚುನಾಯಿತರು, ಮತದಾರರು ಎಂದು ನಾಲ್ಕು ಕಾಲಂ ಎಳೆಯಿರಿ. ಸಿಲೋನಿನ ಮೊದಲ ಶಾಸನಸಭೆ ಶುರುವಾದ 1833ರ ಸಾಲಿನಲ್ಲಿ ಒಟ್ಟು 15 ಸದಸ್ಯರು ಬರುತ್ತಾರೆ. ಅವರಲ್ಲಿ 9 ಮಂದಿ ಅಧಿಕಾರಿಗಳು, ಉಳಿದ 6 ಮಂದಿ ಗವರ್ನರ್ ನೇಮಿಸಿದವರು, ಹಾಗಾಗಿ ಮೂರನೆಯ ಕಾಲಮ್ಮಿನಲ್ಲಿ ಸೊನ್ನೆ. ಆ ಸೊನ್ನೆ ಅಳಿಯುವುದು 1911ರ ಚುನಾವಣೆಯಲ್ಲಿ. ಆಗಲೂ ಚುನಾಯಿತ ಸ್ಥಾನಗಳು ನಾಲ್ಕೇ: ಎರಡು ಯುರೋಪಿಯನ್ನರಿಗೆ, ಒಂದು ಬರ್ಗರ್ ಸಮುದಾಯಕ್ಕೆ (ಡಚ್ಚರು ಮೊದಲಾದ ಯುರೋಪಿಯನ್ನರ ಸ್ಥಳೀಯ ವಂಶಸ್ಥರಿಗೆ), ಒಂದು ‘ವಿದ್ಯಾವಂತ ಸಿಲೋನಿಗ’ರಿಗೆ. ಈ ಕೊನೆಯ ಸ್ಥಾನದ ಸ್ಪರ್ಧೆಗೆ ಒಂದು ಪುಟವನ್ನೇ ಮೀಸಲಿಡಿ. ತಮಿಳರಾದ ಪೊನ್ನಂಬಲಂ ರಾಮನಾಥನ್ ಅವರು ಸಿಂಹಳೀಯರಾದ ಮಾರ್ಕಸ್ ಫರ್ನಾಂಡೊ ಅವರನ್ನು ಸೋಲಿಸಿದರು. ಸಿಂಹಳೀಯರ ಒಳಗಿನ ಜಾತಿ ಪೈಪೋಟಿಯೂ ಅದಕ್ಕೆ ಕಾರಣವಾಗಿತ್ತು. ಜಾತಿ ಲೆಕ್ಕಾಚಾರ ಬಲ್ಲ ನಮ್ಮ ಭಾಗದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1920 ಮತ್ತು 1924ರ ಸುಧಾರಣೆಗಳನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, 1931ಕ್ಕೆ ಬನ್ನಿ. ಅದುವರೆಗೆ ಜನಸಂಖ್ಯೆಯ ಶೇಕಡಾ 4ರಷ್ಟು ಮಂದಿಗೆ ಮಾತ್ರ ಇದ್ದ ಮತದಾನದ ಹಕ್ಕು ಬ್ರಿಟಿಷರ ಡೊನೊಮೋರ್ ಆಯೋಗದ ಶಿಫಾರಸಿನಂತೆ ಬಂದ ಡೊನೊಮೋರ್ ಸಂವಿಧಾನದ ಮೂಲಕ 21 ವರ್ಷ ತುಂಬಿದ ಗಂಡಸರಿಗೂ ಹೆಂಗಸರಿಗೂ ವಿಸ್ತರಿಸಿತು. ಸ್ಟೇಟ್ ಕೌನ್ಸಿಲ್ ಎಂಬ ಹೊಸ ಶಾಸನಸಭೆಯಲ್ಲಿ 50 ಮಂದಿ ಚುನಾಯಿತರು, 8 ಮಂದಿ ನಾಮಕರಣಗೊಂಡವರು, 3 ಮಂದಿ ಅಧಿಕಾರಿಗಳು. ಸದಸ್ಯರು ಏಳು ಕಾರ್ಯಕಾರಿ ಸಮಿತಿಗಳಲ್ಲಿ ಹಂಚಿಹೋಗಿ, ಆಯಾ ಸಮಿತಿಯ ಅಧ್ಯಕ್ಷರೇ ಮಂತ್ರಿಗಳಾಗುತ್ತಿದ್ದರು. ಹಣಕಾಸು, ಕಾನೂನು, ವಿದೇಶ ವ್ಯವಹಾರ ಮಾತ್ರ ಆ ಮೂವರು ಅಧಿಕಾರಿಗಳ ಕೈಯಲ್ಲೇ ಉಳಿದವು. ಸ್ಟೇಟ್ ಕೌನ್ಸಿಲ್ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಳ್ಳಿ. ‘ವಿಧಾನ ಪರಿಷತ್ತು’ ಎಂದು ಬರೆದರೆ ಓದುಗರ ಮನಸ್ಸಿಗೆ ಬೆಂಗಳೂರಿನ ಮೇಲ್ಮನೆಯೇ ಬರುತ್ತದೆ.

ಈ ಕೌನ್ಸಿಲ್ಲಿಗೆ 1931ರಲ್ಲಿ ನಡೆದ ಚುನಾವಣೆಯಲ್ಲಿ, ತಮಿಳರೇ ಹೆಚ್ಚಾಗಿರುವ ಉತ್ತರದ ಜಾಫ್ನಾದ ನಾಲ್ಕು ಸ್ಥಾನಗಳು ಬಹಿಷ್ಕಾರದಿಂದ ಖಾಲಿ ಉಳಿದವು. ಇದನ್ನು ತಮಿಳರ ಪ್ರತ್ಯೇಕತೆಯ ಮೊದಲ ಹೆಜ್ಜೆ ಎಂದು ಬರೆಯುವುದು ತಪ್ಪು: ಅಲ್ಲಿನ ಯೂತ್ ಕಾಂಗ್ರೆಸ್ಸಿನ ಆಕ್ಷೇಪ, ಈ ಸಂವಿಧಾನ ಪೂರ್ಣ ಸ್ವರಾಜ್ಯ ಕೊಡಲಿಲ್ಲ ಎಂಬುದಾಗಿತ್ತು.

ಹೋಲಿಕೆಗೆ ದೂರ ಹೋಗಬೇಕಿಲ್ಲ. ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಯ ವಯಸ್ಕರೆಲ್ಲರಿಗೂ ಓಟು ಸಿಕ್ಕಿದ್ದು 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಹೈದರಾಬಾದ್ ರಾಜ್ಯದ 175 ಸ್ಥಾನಗಳ ವಿಧಾನಸಭೆಗೆ, ಅಂದರೆ ಸಿಲೋನಿಗಿಂತ ಎರಡು ದಶಕ ತಡವಾಗಿ. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಡುತ್ತಿದ್ದರು. ಅಂದು ಓಟು ಹಾಕಿದ ಮುತ್ತಜ್ಜಿಯ ಮಾತು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಕೇಳಿ ಬರೆದುಕೊಳ್ಳಿ.

1947ರಲ್ಲಿ ಸ್ಟೇಟ್ ಕೌನ್ಸಿಲ್‌ನ ಜಾಗಕ್ಕೆ 101 ಸದಸ್ಯರ ಪ್ರತಿನಿಧಿ ಸಭೆಯೂ 30 ಸದಸ್ಯರ ಸೆನೆಟ್ಟೂ ಬಂದವು. ಪ್ರಬಂಧವನ್ನು ಅಲ್ಲಿಗೋ 1948ರ ಫೆಬ್ರವರಿ 4ರ ಸ್ವಾತಂತ್ರ್ಯಕ್ಕೋ ನಿಲ್ಲಿಸಬೇಡಿ. ಅದೇ ವರ್ಷದ ಪೌರತ್ವ ಕಾಯ್ದೆಯೂ ಅದರ ಬೆನ್ನಿಗೇ ಬಂದ ಚುನಾವಣಾ ತಿದ್ದುಪಡಿಯೂ ಚಹಾ ತೋಟಗಳ ಭಾರತೀಯ ಮೂಲದ ಕಾರ್ಮಿಕರಲ್ಲಿ ಬಹುಪಾಲು ಮಂದಿಯನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟವು. ಈ ಸಾಲನ್ನು ಬರೆಯದಿದ್ದರೆ ನಿಮ್ಮ ನಾಲ್ಕನೆಯ ಕಾಲಂ 1833ರಿಂದ ಏರುತ್ತಲೇ ಹೋದಂತೆ ಕಾಣುತ್ತದೆ.